ಹನ್ನೆರಡನೆಯವರ ನೀರು

ಗರಿಗಳ ಭಾನುವಾರ ಪೂಜೆ ಮುಗಿದು ಫಾದರ್ ಎಲಿಯಾಸ್ ಚೀಟಿ ತೆಗೆದು ಹೆಸರು ಓದತೊಡಗಿದಾಗ ನತಾಲಿ ಬಾಯಿಯ ಗಮನ ಅಲ್ಲಿರಲಿಲ್ಲ. ಜನ ಎದ್ದು ಹೋದ ಮೇಲೆ ನೆಲಕ್ಕೆ ಬಿದ್ದ ತೆಂಗಿನ ಗರಿಯ ಚೂರು ಗುಡಿಸಬೇಕಲ್ಲ, ಪೊರಕೆ ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದಳು. ಮುತ್ತಿನಕೊಪ್ಪದ ಆ ಪುಟ್ಟ ಚರ್ಚಿನಲ್ಲಿ ಗುಡಿಸುವುದು, ಮೇಣದ ಬತ್ತಿ ಹಚ್ಚುವುದು, ಬಲಿಪೀಠದ ಬಟ್ಟೆ ಒಗೆಯುವುದು ಎಲ್ಲಾ ಅವಳದೇ. ಯಾರೂ ಒಪ್ಪಿಸಿದ ಕೆಲಸವಲ್ಲ. ಮೂವತ್ತೆರಡು ವರ್ಷದ ಹಿಂದೆ ಒಂದು ದಿನ ಮಾಡಿದಳು, ಮಾರನೇ ದಿನವೂ ಮಾಡಿದಳು, ಹಾಗೇ ಅಂಟಿಕೊಂಡಿತು.

"ಹನ್ನೆರಡನೆಯವರು ನತಾಲಿಯಾ ಬಾಯಿ" ಎಂದರು ಫಾದರ್.

ಪಕ್ಕದಲ್ಲಿದ್ದ ಅನಿತಾ ಮೊಣಕೈಯಿಂದ ತಿವಿದಳು. "ಬಾಯಮ್ಮ, ನಿಮ್ಮ ಹೆಸರು."

"ಎಂತಕ್ಕೆ? ಎಂತ ಮಾಡ್ದೆ ನಾನು?"

"ಕಾಲು ತೊಳೆಯೋದಕ್ಕೆ. ಈ ಸಲ ಆರು ಜನ ಗಂಡಸರು, ಆರು ಜನ ಹೆಂಗಸರು ಅಂತೆ."

ನತಾಲಿ ಬಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ನೋಡಿ, ವಿಷಯ ಏನೆಂದರೆ, ಈಸ್ಟರ್‌ಗೆ ಮೂರು ದಿನ ಮೊದಲು ಪವಿತ್ರ ಗುರುವಾರದ ಸಂಜೆ, ಯೇಸು ಕಡೆಯ ಊಟದ ದಿನ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಈ ಊರಿನಲ್ಲಿ ಯಾವತ್ತೂ ಗಂಡಸರೇ ಕೂತದ್ದು. ನತಾಲಿ ಬಾಯಿಯ ಗಂಡ ಪಾಸ್ಕಲ್, ಎಲ್ಲರ ಬಾಯಲ್ಲಿ ಪಾಸ್ಕು, ಹತ್ತು ವರ್ಷ ಕೂತಿದ್ದ. ಕ್ರಿಸ್ಮಸ್ಸಿಗೆ ಹುಟ್ಟಿದ ಇವಳು ನತಾಲಿಯಾ, ಈಸ್ಟರಿಗೆ ಹುಟ್ಟಿದ ಅವನು ಪಾಸ್ಕಲ್. ಎರಡು ದೊಡ್ಡ ಹಬ್ಬವೂ ಅವರ ಮನೆಯಲ್ಲೇ, ನಮಗೆ ಉಳಿದದ್ದು ಬರೀ ಉಪವಾಸ ಎಂದು ಊರವರು ತಮಾಷೆ ಮಾಡುತ್ತಿದ್ದರು. ಪಾಸ್ಕು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅವನು ಕೂತಾಗಲೆಲ್ಲ ನೀರು ಇವಳದು. ಚರ್ಚಿನ ಬಾವಿಯ ನೀರು ಏಪ್ರಿಲ್ಲಿನಲ್ಲೂ ಹಲ್ಲು ಕಟಕಟ ಎನ್ನುವಷ್ಟು ತಣ್ಣಗೆ. ಮುದುಕರ ಕಾಲಿಗೆ ಅದನ್ನು ಸುರಿಯುವುದು ಹೇಗೆ? ಅದಕ್ಕೇ ಅವಳು ಮನೆಯ ಹಂಡೆಯಲ್ಲಿ ನೀರು ಕಾಯಿಸಿ, ದೊಡ್ಡ ಕೆಟ್ಲಿನಲ್ಲಿ ಹೊತ್ತು ತಂದು, ಹಿತ್ತಾಳೆ ಬಿಂದಿಗೆಯ ಬಾವಿ ನೀರಿಗೆ ಬೆರೆಸಿ, ಮೊಣಕೈ ಅದ್ದಿ ನೋಡುತ್ತಿದ್ದಳು. ಮನೆಗೆ ಹೋಗುವಾಗ ಪಾಸ್ಕು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದ: "ನೀರು ಹದವಾಗಿತ್ತು ಮಾರಾಯ್ತಿ. ಜೀವ ತಣ್ಣಗಾಯ್ತು." ಇವಳಿಗೆ ಹೊಟ್ಟೆಕಿಚ್ಚು. ತಾನು ಕಾಯಿಸಿದ ನೀರು ಕಾಲ ಮೇಲೆ ಬಿದ್ದರೆ ಹೇಗಿರುತ್ತದೆಂದು ಅವನಿಗೆ ಗೊತ್ತು, ಊರಿನ ಅರ್ಧ ಗಂಡಸರಿಗೆ ಗೊತ್ತು, ಇವಳಲ್ಲಿ ಗೊತ್ತಿದ್ದದ್ದು ಮೊಣಕೈಗೆ ಮಾತ್ರ. ಒಂದು ಸಲ ಕೂರಬೇಕು, ಒಂದೇ ಒಂದು ಸಲ, ಎಂಬ ಆಸೆಯನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಈಗ ಚೀಟಿಯಲ್ಲಿ ಹೆಸರು ಬಂದಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೆಲದ ಮೇಲೆ ನಿಲ್ಲದ ಆ ಕಾಲಿನ ಸ್ಥಿತಿ ಮಾತ್ರ ಹೇಳುವ ಹಾಗಿರಲಿಲ್ಲ. ನಲವತ್ತು ವರ್ಷ ತೋಟದ ಕೆಲಸ ಮಾಡಿದ ಹಿಮ್ಮಡಿ ಬೇಸಿಗೆ ಗದ್ದೆಯ ಹಾಗೆ ಬಿರಿದಿತ್ತು. ಸೋಮವಾರ ಬೆಳಿಗ್ಗೆಯಿಂದಲೇ ಉಪಚಾರ ಶುರುವಾಯಿತು. ಚರ್ಚಿನ ಉರಿದುಳಿದ ಮೇಣದ ಬತ್ತಿ ಕರಗಿಸಿ ಕೊಬ್ಬರಿ ಎಣ್ಣೆಗೆ ಹಾಕಿ ಬಿರುಕಿಗೆ ತುಂಬಿದಳು. ಬಚ್ಚಲ ಕಲ್ಲಿನ ಮೇಲೆ ಕೂತು ಇಟ್ಟಿಗೆ ಚೂರಿನಿಂದ ತಿಕ್ಕಿದಳು. ಬೇಲಿಯಾಚೆಯಿಂದ ಭೈರಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಭೈರಮ್ಮ ಚರ್ಚಿನವಳಲ್ಲ, ಆದರೆ ನತಾಲಿ ಬಾಯಿಯ ಜೊತೆ ಒಂದೇ ತೋಟದಲ್ಲಿ ಅಡಿಕೆ ಹೆಕ್ಕಿದವಳು, ಕಷ್ಟಕ್ಕೂ ಕಜ್ಜಾಯಕ್ಕೂ ಜೊತೆಗಿದ್ದವಳು.

"ಎಂತ ಮಾರಾಯ್ತಿ, ಕಾಲು ತೊಳೆಸ್ಕೊಳ್ಳಕ್ಕೆ ಕಾಲು ತೊಳ್ಕೊಂಡು ಹೋಗ್ತೀಯಾ?"

"ಫಾದರ್ ಮುಟ್ಟೋ ಕಾಲು ಕಣೆ. ಹೀಗೇ ಹೋಗಕ್ಕಾಗುತ್ತಾ?"

"ಹಿಂಗೆ ತಿಕ್ಕಿದ್ರೆ ಗುರುವಾರದ ಹೊತ್ತಿಗೆ ಕಾಲೇ ಉಳಿಯಲ್ಲ. ನಾನೂ ಬತ್ತೀನಿ ನೋಡಕ್ಕೆ. ಹೊರಗೆ ಜಗಲೀಲಿ ನಿಂತ್ರೆ ಬೈಯಲ್ವಲ್ಲ?"

"ಬೈಯೋರು ಯಾರು? ಬಾ."

ಉಳಿದದ್ದು ನೀರಿನ ಚಿಂತೆ. ತಾನು ಕೂತರೆ ನೀರು ನೋಡುವವರು ಯಾರು? ಅನಿತಾ ಒಪ್ಪಿಕೊಂಡಳು. ಅನಿತಾ ಶಾಲೆಯ ಟೀಚರು, ಚುರುಕು ಹುಡುಗಿ, ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುವವಳು. ನತಾಲಿ ಬಾಯಿ ಮಂಗಳವಾರ ಹೇಳಿದಳು, ಬುಧವಾರ ಹೇಳಿದಳು, ಗುರುವಾರ ಬೆಳಿಗ್ಗೆ ಮತ್ತೆ ಮನೆಗೆ ಕರೆದು ಹೇಳಿದಳು. ನೀರಿಗೆ ಬೆರಳು ಅದ್ದಬಾರದು, ಮೊಣಕೈ ಅದ್ದಬೇಕು. ಟವೆಲ್ಲು ಹನ್ನೆರಡು, ಮೇಲೆ ಎರಡು ಜಾಸ್ತಿ, ಯಾಕೆಂದರೆ ಬೊನಿಫಾಸ್ ಮೇಸ್ತ್ರಿಯ ಕಾಲು ಎರಡು ಟವೆಲ್ಲಿನ ಕಾಲು. ತೊಳೆದ ನೀರು ಬೀಳುವ ಬೋಗುಣಿಯ ತಳಕ್ಕೆ ಹಳೇ ಬಟ್ಟೆ, ಇಲ್ಲದಿದ್ದರೆ ಟಣ್ ಎನ್ನುತ್ತದೆ.

"ಆಯ್ತು ಬಾಯಮ್ಮ, ಆಯ್ತು" ಎಂದಳು ಅನಿತಾ. ಬೇಲಿ ಹತ್ತಿರ ಕೇಳುತ್ತಿದ್ದ ಭೈರಮ್ಮ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ನಕ್ಕಳು.

ಇಷ್ಟೆಲ್ಲ ಹೇಳಿದವಳು ಒಂದನ್ನು ಮಾತ್ರ ಹೇಳಲಿಲ್ಲ. ಮರೆತದ್ದಲ್ಲ, ಅದೂ ಒಂದು ಕೆಲಸ ಎಂದು ಅವಳಿಗೆ ಹೊಳೆಯಲೇ ಇಲ್ಲ. ದೀಪದ ಬುಡ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಗುರುವಾರ ಸಂಜೆ ಐದೂವರೆಗೆ ಚರ್ಚು ತುಂಬಿತು. ನರಸಿಂಹರಾಜಪುರದ ಬಸ್ಸಿನಿಂದಲೂ ಹತ್ತಾರು ಜನ ಇಳಿದರು. ಮಧ್ಯಾಹ್ನದ ಗಾಳಿಗೆ ಕರೆಂಟು ಹೋಗಿತ್ತು, ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ, ಫ್ಯಾನಿಲ್ಲದೆ ಎಲ್ಲರೂ ಹಾಡಿನ ಪುಸ್ತಕದಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಮಹಿಮೆಯ ಗೀತೆಯ ಹೊತ್ತಿಗೆ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿ ಸುಮ್ಮನಾದವು. ಇನ್ನು ಯೇಸುವಿನ ಸಾವಿನ ಶೋಕಕ್ಕೆ ಶನಿವಾರದ ಪೂಜೆಯ ತನಕ ಗಂಟೆ ಮುಟ್ಟುವ ಹಾಗಿಲ್ಲ.

ಬಲಿಪೀಠದ ಮುಂದೆ ಹನ್ನೆರಡು ಜನಕ್ಕೆ ಬೆಂಚು ಹಾಕಿದ್ದರು. ನತಾಲಿ ಬಾಯಿ ಮದುವೆಯಲ್ಲಿ ಉಟ್ಟ ನೀಲಿ ರೇಷ್ಮೆ ಉಟ್ಟು ಬಂದಿದ್ದಳು. ಎಲ್ಲರೂ ಕೂತ ಮೇಲೆ ಕೊನೆಯ ಜಾಗದಲ್ಲಿ ಕೂತಳು, ಪಕ್ಕದಲ್ಲಿ ಬೊನಿಫಾಸ್ ಮೇಸ್ತ್ರಿ. ಚಪ್ಪಲಿ ಬಿಟ್ಟ ಬರಿಗಾಲನ್ನು ಇಷ್ಟು ಜನ ನೋಡುವುದು ಅವಳ ಜೀವನದಲ್ಲೇ ಮೊದಲು. ಶುಭಸಂದೇಶದ ವಾಚನದಲ್ಲಿ ಯೇಸುವಿನ ಶಿಷ್ಯ ಪೇತ್ರ ನನ್ನ ಕಾಲು ತೊಳೆಯುವುದು ಬೇಡ ಎಂದು ಹಟ ಹಿಡಿದು, ಆಮೇಲೆ ಒಪ್ಪಿಕೊಂಡ ಭಾಗ ಬಂದಾಗ, ಬೇಡ ಅಂದವನಿಗೆ ತಲೆ ಕೆಟ್ಟಿತ್ತು ಎಂದುಕೊಂಡಳು.

ಫಾದರ್ ಎಲಿಯಾಸ್ ಮೇಲಂಗಿ ತೆಗೆದಿಟ್ಟು ಸೊಂಟಕ್ಕೆ ಟವೆಲ್ಲು ಕಟ್ಟಿ ಮೊಣಕಾಲೂರಿದರು. ಅನಿತಾ ಬಿಂದಿಗೆಯಿಂದ ಜಗ್ಗು ತುಂಬಿಸಿ ಕೊಟ್ಟಳು. ಹಿಂದಿನ ಫಾದರ್ ಕೂಡ ಕಾಲಿಗೆ ಚೆನ್ನಾಗಿಯೇ ನೀರು ಹಾಕುತ್ತಿದ್ದರು. ಈ ಫಾದರ್ ಕೈ ಇನ್ನೂ ಧಾರಾಳ, ಪಾದ ಹಿಡಿದು ಧಾರೆ ಬಿಟ್ಟು ತೊಳೆದರು. ಒಬ್ಬರು, ಇಬ್ಬರು, ಮೂವರು. ಮೊದಲನೆಯವಳು ಕಚಗುಳಿಗೆ ನಕ್ಕಳು, ಐದನೆಯವನು ಕಾಲುಚೀಲ ಬಿಚ್ಚುವುದನ್ನೇ ಮರೆತಿದ್ದ. ಹಾಡು ಜೋರಾಯಿತು. ನತಾಲಿ ಬಾಯಿ ಎಣಿಸುತ್ತಿದ್ದಳು. ಆರು. ಏಳು. ಎಂಟು.

ಎಂಟು ಆಗುತ್ತಲೇ ಅವಳ ಬಲಗಾಲು ತಾನಾಗಿಯೇ ಏಳಲು ಹೊರಟಿತು. ಯಾಕೆ ಎಂದು ಅವಳಿಗೇ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಜೀವ ಬಾಯಿಗೆ ಬಂತು.

ಆ ಬಿಂದಿಗೆಯ ನೀರು ಹನ್ನೆರಡು ಜನಕ್ಕೆ ಯಾವತ್ತೂ ಸಾಕಾಗಿರಲಿಲ್ಲ. ಎಂಟನೆಯವರಾದ ಮೇಲೆ ಅವಳು ಹಿಂಬಾಗಿಲಿನಿಂದ ಬಂದು, ಹಾಡಿನ ಸದ್ದಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಎರಡನೇ ಕೆಟ್ಲು ಸುರಿದು ಹೋಗುತ್ತಿದ್ದಳು. ಮೂವತ್ತೆರಡು ವರ್ಷ ಅದನ್ನು ಯಾರೂ ನೋಡಿರಲಿಲ್ಲ, ಅವಳೂ ಸೇರಿ. ಕೈಗೆ ಗೊತ್ತಿದ್ದ ಕೆಲಸ ಬಾಯಿಗೆ ಬಂದಿರಲೇ ಇಲ್ಲ.

ಈಗ ಎದ್ದರೆ ಹೇಗೆ? ಬಾವಿಗೆ ಹೋಗಿ, ಸೇದಿ, ತರುವಷ್ಟರಲ್ಲಿ ರೇಷ್ಮೆ ಒದ್ದೆ, ಕಾಲು ಮಣ್ಣು. ನಾಲ್ಕು ದಿನ ತಿಕ್ಕಿದ್ದು ಹಾಳು. ಅವಳು ಬರುವ ತನಕ ಪೂಜೆ ಕಾಯುತ್ತದೆಯೇ? ಆ ಜಾಗದಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಮುಗಿಸಿಬಿಡುತ್ತಾರೆ, ಮುಂದಿನ ವರ್ಷವೂ ನೀರಿನ ನತಾಲಿ ಬಾಯಿ ನೀರಿಗೇ. ಏಳದಿದ್ದರೆ, ತುಂಬಿದ ಸಭೆಯ ಮುಂದೆ ಒಣ ಬಿಂದಿಗೆ, ಅದೂ ತನ್ನ ಸರದಿಗೆ. ಅವಳು ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡಳು. ಒಂಬತ್ತು. ಹತ್ತು.

ಬೊನಿಫಾಸ್ ಮೇಸ್ತ್ರಿಯ ಕಾಲಿಗೆ ಅನಿತಾ ಬಿಂದಿಗೆಯನ್ನೇ ಬಗ್ಗಿಸಿ ಕೊನೆಯ ಹನಿ ಇಳಿಸಿದಳು. ಫಾದರ್ ಮೊಣಕಾಲಿನಲ್ಲೇ ಸರಿದು ನತಾಲಿ ಬಾಯಿಯ ಮುಂದೆ ಬಂದರು, ಜಗ್ಗು ಬಗ್ಗಿಸಿದರು. ಏನೂ ಬೀಳಲಿಲ್ಲ. ಅವರು ಅನಿತಾಳ ಮುಖ ನೋಡಿದರು. ಅನಿತಾ ನತಾಲಿ ಬಾಯಿಯ ಮುಖ ನೋಡಿದಳು. ಹಾಡು ನಿಂತಿತು. ಆಮೇಲೆ ಇಡೀ ಚರ್ಚು, ನೂರೈವತ್ತು ತಲೆ, ನತಾಲಿ ಬಾಯಿಯ ಕಡೆಗೇ ತಿರುಗಿತು. ಪಾಪ, ಅವರದೇನು ತಪ್ಪು? ಈ ಚರ್ಚಿನಲ್ಲಿ ಏನು ಮುಗಿದರೂ ಆ ಮುಖವನ್ನೇ ನೋಡಿ ಅಭ್ಯಾಸ.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಬಾಯಿಂದ ಮಾತು ಬಂದಾಗ ಅದು ತನ್ನದೇ ಧ್ವನಿಯೆಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಇವತ್ತು ನಾನು ಏಳಲ್ಲ ಫಾದರ್."

ಹಿಂದಿನ ಸಾಲಿನಲ್ಲಿ ಯಾರೋ "ಎಂತ ಸೊಕ್ಕು" ಎಂದು ಪಿಸುಗುಟ್ಟಿದರು. ಅನಿತಾ ಬಿಂದಿಗೆ ಎತ್ತಿಕೊಂಡು ಓಡಲು ಹೊರಟಳು. ಫಾದರ್ ಕೈ ಅಡ್ಡ ಹಿಡಿದರು. ನತಾಲಿ ಬಾಯಿಯ ಮುಖವನ್ನು, ಬೆಂಚು ಹಿಡಿದ ಅವಳ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಏಳಬೇಡಿ ಬಾಯಿ. ಬಿಂದಿಗೆ ಇಲ್ಲಿ ಕೊಡು ಅನಿತಾ."

ಸೊಂಟದ ಟವೆಲ್ಲನ್ನು ಬಿಗಿ ಮಾಡಿಕೊಂಡು, ಹಿತ್ತಾಳೆ ಬಿಂದಿಗೆ ಕಂಕುಳಿಗೇರಿಸಿ, ಫಾದರ್ ಎಲಿಯಾಸ್ ಬರಿಗಾಲಿನಲ್ಲಿ ಚರ್ಚಿನ ನಡುವಿನಿಂದ ಬಾಗಿಲ ಕಡೆ ನಡೆದರು. ಎರಡೂ ಬದಿಯ ಜನ ಎದ್ದು ನಿಂತರು. ಬಾವಿ ಬಾಗಿಲಿನ ಎದುರಿಗೇ ಇತ್ತು. ಜಗಲಿಯಲ್ಲಿದ್ದ ಭೈರಮ್ಮನ ಧ್ವನಿ ಕೇಳಿಸಿತು: "ಬಿಡಿ ಸ್ವಾಮಿ, ನಾ ಸೇದ್ತೀನಿ."

"ಬೇಡಮ್ಮ, ಇವತ್ತು ನನ್ನ ಕೆಲಸ."

ಆದರೆ ಆ ರಾಟೆ ಸಾಮಾನ್ಯದ್ದಲ್ಲ. ಕೊಡ ಅರ್ಧ ಮೇಲೆ ಬಂದಾಗ ಹಗ್ಗ ಬಲಕ್ಕೆ ಜಾರುತ್ತದೆ. ಜಾರಿತು. ಕೊಡ ಧಡಾರನೆ ನೀರಿಗೆ ಬಿದ್ದ ಸದ್ದು ಒಳಗೆಲ್ಲ ಕೇಳಿಸಿತು. ನತಾಲಿ ಬಾಯಿ ಕೂತಲ್ಲಿಂದಲೇ, ಗುರುವಾರದ ಪೂಜೆ ಎಂಬುದನ್ನೂ ಮರೆತು ಕೂಗಿದಳು.

"ಫಾದರ್, ಹಗ್ಗ ಎಡಕ್ಕೆ ಎಳ್ಕೊಳಿ. ಎಡಕ್ಕೆ."

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು, ಸೊಕ್ಕು ಎಂದವರೂ ನಕ್ಕರು. ಮತ್ತೆ ರಾಟೆ ಕಿರುಗುಟ್ಟಿತು. ಒಬ್ಬೊಬ್ಬರಾಗಿ ನಗು ನಿಲ್ಲಿಸಿ ಅದನ್ನೇ ಕೇಳಿದರು. ಗಂಟೆ ಸುಮ್ಮನಾದ ಆ ಸಂಜೆ ಇಡೀ ಚರ್ಚಿನಲ್ಲಿ ಇದ್ದದ್ದು ಆ ಸದ್ದೊಂದೇ. ನತಾಲಿ ಬಾಯಿಯ ಕಣ್ಣಿಂದ ನೀರು ಇಳಿಯತೊಡಗಿತು. ತವರಿನಲ್ಲಿ ಅವಳೇ ಹಿರಿಯವಳು, ಗಂಡನ ಮನೆಯಲ್ಲಿ ಅವಳೇ ಸೊಸೆ. ಈ ಅರವತ್ತೊಂದು ವರ್ಷದಲ್ಲಿ ಅವಳಿಗಾಗಿ ಇನ್ನೊಬ್ಬರು ನೀರು ಸೇದಿದ ಸದ್ದನ್ನು ಅವಳು ಕೂತು ಕೇಳಿದ್ದು ಇವತ್ತೇ.

ಫಾದರ್ ಮೊಣಕಾಲ ತನಕ ಒದ್ದೆಯಾಗಿ, ಏದುಸಿರು ಬಿಡುತ್ತಾ ಬಂದರು. ಅವಳ ಬಲಗಾಲನ್ನು ಅಂಗೈಯಲ್ಲಿ ಹಿಡಿದರು. ನೀರು ಬಿತ್ತು. ಬಾವಿಯ ತಳದ ನೀರು, ಮೊಣಕೈ ಅದ್ದಿ ನೋಡದ ನೀರು. ಅವಳು ಅಬ್ಬಾ ಎಂದು ಉಸಿರೆಳೆದುಕೊಂಡಳು.

"ತುಂಬಾ ತಣ್ಣಗಿದ್ಯಾ ಬಾಯಿ?"

"ಇರ್ಲಿ ಫಾದರ್. ಇನ್ನೂ ಸ್ವಲ್ಪ ಹಾಕಿ."

ಅವರು ಇನ್ನೂ ಸ್ವಲ್ಪ ಹಾಕಿದರು. ಟವೆಲ್ಲಿನಿಂದ ಬಿರುಕು ಬಿರುಕಿನ ಹಿಮ್ಮಡಿಯನ್ನು ಒತ್ತಿ ಒರೆಸಿದರು. ಹಾಡು ಮತ್ತೆ ಶುರುವಾಯಿತು, ಈ ಸಲ ಚಾವಣಿ ಹಾರಿಹೋಗುವಷ್ಟು ಜೋರಾಗಿ.

ಪೂಜೆ ಮುಗಿದು ಹೊರಬಂದಾಗ ಅನಿತಾ ಓಡಿ ಬಂದು ಕೈ ಹಿಡಿದುಕೊಂಡಳು. ಅವಳ ಕಣ್ಣು ಕೆಂಪಾಗಿತ್ತು. "ತಪ್ಪಾಯ್ತು ಬಾಯಮ್ಮ. ಎಲ್ಲಾ ಬರ್ಕೊಂಡಿದ್ದೆ, ನೀರು ಸಾಲಲ್ಲ ಅಂತ ಗೊತ್ತಾಗ್ಲೇ ಇಲ್ಲ."

"ನಿಂದೆಂತ ತಪ್ಪು? ನಾನು ಹೇಳಿದ್ರೆ ತಾನೆ. ಎಂಟನೆಯವರಾದ ಮೇಲೆ ನಾನು ಸುಮ್ನೆ ಬಂದು ಇನ್ನೊಂದು ಕೆಟ್ಲು ಹಾಕಿ ಹೋಗ್ತಿದ್ದೆ."

ಅನಿತಾ ಆಗಲೇ ಫೋನು ತೆಗೆದಿದ್ದಳು. "ಹಾಗಾದ್ರೆ ಮುಂದಿನ ವರ್ಷಕ್ಕೆ ಬರ್ಕೋತೀನಿ. ಎಂಟನೆಯವರಾದ ಮೇಲೆ ಬಿಂದಿಗೆ ತುಂಬಿಸೋದು."

ಜಗಲಿ ಇಳಿದು ಬಂದ ಭೈರಮ್ಮ ನತಾಲಿ ಬಾಯಿಯ ಕಾಲನ್ನೇ ಬಗ್ಗಿ ನೋಡುತ್ತಿದ್ದಳು. ನತಾಲಿ ಬಾಯಿ ಚಪ್ಪಲಿ ಕೈಯಲ್ಲಿ ಹಿಡಿದು, ತಣ್ಣಗಿನ ಬಲಗಾಲನ್ನು ಬೆಚ್ಚನೆ ಮಣ್ಣಿನ ಮೇಲೆ ಮೆಲ್ಲಗೆ ಊರಿದಳು.

"ಅದನ್ನ ಬರ್ಕೋಬೇಡ ಕೂಸೆ" ಎಂದಳು. "ಕೊನೇಲಿ ಕೂತವ್ರಿಗೆ ಯಾರಾದ್ರೂ ಸೇದಿ ತರ್ಲಿ."