ಅಪ್ಪನ ಎದೆನೋವು

ಅಪ್ಪನಿಗೆ ಎದೆನೋವು ಶುರುವಾದದ್ದು ಎಂಬತ್ತಮೂರನೇ ಇಸವಿಯಲ್ಲಿ. ಎಡಗಡೆ, ಬೆರಳಿಟ್ಟು ತೋರಿಸಬಹುದಾದಷ್ಟು ಜಾಗ. ನೋವು ಅವರದು, ಬಲಿಯಾದವಳು ಮಾತ್ರ ನಾನು. ಹೆತ್ತವರ ಬಗ್ಗೆ ಹೀಗೆ ಹೇಳಬಾರದು ಅನ್ನುವವರು ಅನ್ನಲಿ, ಅನುಭವಿಸಿದವಳು ನಾನು ತಾನೇ.

ಅಪ್ಪ ಚಕ್ರಪಾಣಿ ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಬಸವೇಶ್ವರನಗರದಲ್ಲಿ ನಮ್ಮದೊಂದು ಬಾಡಿಗೆ ಪೋರ್ಷನ್ನು. ನಾನು ಜಲಜಾ, ಒಬ್ಬಳೇ ಮಗಳು, ಆಗ ಬಿಎಸ್ಸಿ ಕಡೆಯ ವರ್ಷ. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದು ನನಗೆ ಆಸೆ. ಆ ಹುಚ್ಚು ಹಿಡಿಸಿದವರೂ ಅಪ್ಪನೇ. “ನನ್ನ ಮಗಳು ಲೆಕ್ಚರರ್ ಆಗ್ತಾಳೆ ಕಣ್ರೀ” ಎಂದು ಹಾಲಿನ ಬೂತಿನವನಿಗೂ ಹೇಳಿಕೊಂಡು ಬಂದಿದ್ದರು.

ನೋವಿಗೆ ಅಮ್ಮ ಮೊದಲು ಓಂಕಾಳಿನ ಕಷಾಯ ಕೊಟ್ಟಳು. ಆಮೇಲೆ ಮಜ್ಜಿಗೆಗೆ ಇಂಗು ಕದಡಿ ಕೊಟ್ಟಳು. ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕಿದಳು. ಘಾಟು ಬಂತು, ಹಾಗಾದರೆ ದೃಷ್ಟಿಯಲ್ಲ ಎಂದು ಮೂವರೂ ಕೆಮ್ಮುತ್ತ ತೀರ್ಮಾನಿಸಿದೆವು. ದೊಡ್ಡಾಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಎಕ್ಸ್‌ರೇ ತೆಗೆದರು, ರಕ್ತ ನೋಡಿದರು. ಹಾರ್ಟು ಚೆನ್ನಾಗಿದೆ, ಹೋಗಿ ಎಂದರು. ಚೆನ್ನಾಗಿದ್ದರೆ ನೋವು ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಟೆನ್ಷನ್ ಇರಬೇಕು ಎಂದರಂತೆ.

ಅಪ್ಪ ನಂಬಲಿಲ್ಲ. ಅವರ ಪಕ್ಕದ ಮೇಜಿನ ಬೈರಯ್ಯನವರು ಆ ವರ್ಷವೇ ಗ್ಯಾಸು ಅಂತ ಸೋಡಾ ಕುಡಿದು ಕೂತವರು ಮತ್ತೆ ಎದ್ದಿರಲಿಲ್ಲ. ಡಾಕ್ಟರೂ ಅಮ್ಮನೂ ಸೇರಿಕೊಂಡು ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅಪ್ಪನ ತಲೆಗೆ ಹೊಕ್ಕಿತು. ಆಮೇಲೆ ಅಮ್ಮ ಕಣ್ಣು ಒರೆಸಿಕೊಂಡರೆ ಸಾಕು, ಅನುಮಾನ. ಪುಣ್ಯಾತ್ಮ, ಅವಳು ಈರುಳ್ಳಿ ಹೆಚ್ಚುತ್ತಿದ್ದರೂ ಅಷ್ಟೇ!

“ನಾನು ಕಣ್ಣು ಮುಚ್ಚೋದ್ರೊಳಗೆ ಇವಳ ಕುತ್ತಿಗೆಗೆ ಮೂರು ಗಂಟು ಬಿದ್ದುಬಿಡ್ಲಿ ಪುಟ್ಟಲಕ್ಷ್ಮಿ,” ಎಂದು ಒಂದು ಸಂಜೆ ಅಮ್ಮನಿಗೆ ಹೇಳಿದರು.

“ಅಪ್ಪಾ, ಏಪ್ರಿಲ್‌ನಲ್ಲಿ ಪರೀಕ್ಷೆ. ಅಲ್ಲೀವರೆಗಾದ್ರೂ ತಡೀರಿ,” ಎಂದೆ.

“ಅಲ್ಲೀವರೆಗೆ ನಾನಿರ್ಬೇಕಲ್ಲ ಮಗು.”

ಈ ಮಾತಿಗೆ ಯಾವ ಮಗಳು ತಾನೇ ಎದುರು ಹೇಳಿಯಾಳು? ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಮಾಘದಲ್ಲಿ ಗಂಡು ನೋಡಿ ಫಾಲ್ಗುಣದಲ್ಲಿ ಧಾರೆ ಎರೆದರು. ಕೆಂಗೇರಿಯ ಮನೆ. ಗಂಡ ಒಳ್ಳೆಯವರೇ, ಆದರೆ ತಾಯಿ ಹಾಕಿದ ಗೆರೆ ದಾಟುವವರಲ್ಲ. ಮದುವೆಗೆ ಮುಂಚೆ “ಪರೀಕ್ಷೆ ಬರೀಲಿ, ಅದಕ್ಕೇನಂತೆ” ಎಂದಿದ್ದ ಅತ್ತೆ ಕಲ್ಯಾಣಮ್ಮ, ಹಾಲ್ ಟಿಕೆಟ್ ಬಂದಾಗ ರಾಗ ಬದಲಾಯಿಸಿದರು. “ಮನೆ ತುಂಬಿದ ಸೊಸೆ ಬಸ್ಸಿಗೆ ನಿಂತ್ಕೊಂಡು ಹೋಗಿ ಯಾವ ಡಿಗ್ರಿ ತರ್ಬೇಕು?” ಎಂದರು. ಪರೀಕ್ಷೆಯ ಬೆಳಿಗ್ಗೆ ನಾನು ಹಪ್ಪಳ ಒತ್ತುತ್ತ ಕೂತಿದ್ದೆ. ಅಳು ಬಂತು. ಹಿಟ್ಟಿಗೆ ಖಾರ ಜಾಸ್ತಿಯಾಗಿದೆ ಎಂದೆ.

ತವರಿಗೆ ಬಂದಾಗಲೆಲ್ಲ ಅಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡೇ ಬಾಗಿಲು ತೆಗೆಯುತ್ತಿದ್ದರು. ಹೇಗಿದೆ ಎಂದರೆ, “ಹಾಗೇ ಇದೆ ಮಗು. ಏನೋ, ನಿನ್ನ ಮದುವೆ ನೋಡ್ದೆನಲ್ಲ, ಅಷ್ಟು ಸಾಕು” ಎನ್ನುತ್ತಿದ್ದರು. ಹೋಗಲಿ, ನನ್ನ ಓದು ಹೋದರೂ ಅವರಿಗೊಂದು ನೆಮ್ಮದಿ ಸಿಕ್ಕಿತಲ್ಲ ಎಂದು ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಾರನೆಯ ವರ್ಷದ ಶ್ರಾವಣದಲ್ಲಿ ಒಂದು ದಿನ ಹೇಳದೆ ಕೇಳದೆ ಬಂದೆ. ಬೀದಿ ತಿರುವಿನ ಬೋರ್‌ವೆಲ್ಲಿನ ಹತ್ತಿರ ಅಪ್ಪ ಇದ್ದರು. ಪಂಪಿನ ಹಿಡಿಯನ್ನು ದಬದಬ ಒತ್ತುತ್ತ, ಪಕ್ಕದ ಮನೆಯ ಅಂಜಿನಯ್ಯನವರಿಗೂ ಒಂದು ಕೊಡ ತುಂಬಿಸಿಕೊಡುತ್ತ, ಜೋರಾಗಿ ನಗುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಹಿಡಿ ಬಿಟ್ಟರು. ಕೈ ಎದೆಗೆ ಹೋಯಿತು.

“ಇದೇನ್ ಸ್ವಾಮಿ, ಈಗಿನ್ನೂ ಚೆನ್ನಾಗಿದ್ರಲ್ಲ?” ಎಂದು ಅಂಜಿನಯ್ಯ ಗಾಬರಿಯಾದರು.

ನಾನು ಸೀದಾ ಒಳಗೆ ಹೋಗಿ ಅಮ್ಮನನ್ನು ಹಿಡಿದುಕೊಂಡೆ. ಮೊದಲು ಏನೂ ಇಲ್ಲ ಎಂದಳು. ಬಿಡಲಿಲ್ಲ. ಕೊನೆಗೆ ಬಾಯಿ ಬಿಟ್ಟಳು. ನಾನು ಬರೆಯದೆ ಹೋದ ಆ ಪರೀಕ್ಷೆ ಮುಗಿದ ವಾರದಲ್ಲೇ ಅಪ್ಪ ಹಿಂದಿನ ರಸ್ತೆಯಲ್ಲಿ ಹೊಸದಾಗಿ ಕ್ಲಿನಿಕ್ ತೆಗೆದ ಡಾಕ್ಟರ್ ಪುರುಷೋತ್ತಮ ಅವರ ಹತ್ತಿರ ಹೋಗಿದ್ದರಂತೆ. ಅವರು ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ, ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಹೆಬ್ಬೆರಳಿಂದ ಒತ್ತಿದರಂತೆ. ಅಪ್ಪ ಕಿರುಚಿಕೊಂಡರಂತೆ.

“ಇದು ಹಾರ್ಟಲ್ಲ ಸಾರ್, ದಿನಾ ಏನ್ ಕೆಲಸ ಮಾಡ್ತೀರಿ ಅಂತ ಕೇಳಿದ್ರಂತೆ ಕಣೇ,” ಎಂದಳು ಅಮ್ಮ.

ನೋವು ಶುರುವಾದ ವರ್ಷ ಆಫೀಸಿನಲ್ಲಿ ಅಪ್ಪನಿಗೆ ದೊಡ್ಡ ಹಾಳೆಗಳನ್ನು ಹೊಡೆಯುವ ಅಗಲವಾದ ಟೈಪ್‌ರೈಟರ್ ಕೊಟ್ಟಿದ್ದರು. ಪ್ರತಿ ಸಾಲು ಮುಗಿದಾಗಲೂ ಹಾಳೆ ಸುತ್ತಿದ ಅದರ ಭಾರದ ಉರುಳೆಯನ್ನು ಎಡಗೈಯಲ್ಲಿ ತಳ್ಳಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ಪಕ್ಕೆಲುಬಿನ ತುದಿಯ ಮೆತ್ತನೆ ಮೂಳೆ ನೊಂದಿತ್ತು, ಅಷ್ಟೇ. ಬಿಸಿ ಶಾಖ, ನಾಲ್ಕು ದಿನ ಮಾತ್ರೆ, ಮತ್ತೆ ಹಳೆಯ ಸಣ್ಣ ಮೆಷೀನು. ತಿಂಗಳೊಪ್ಪತ್ತಿನಲ್ಲಿ ನೋವು ಮಾಯ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಆ ಇಲಿ ನನ್ನ ಮೂರು ವರ್ಷದ ಓದನ್ನು ತಿಂದು ಹಾಕಿತ್ತು.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು ಕಣೇ.”

ಅಪ್ಪ ಕೊಡ ಇಳಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈ ಇನ್ನೂ ಎದೆಯ ಮೇಲೇ ಇತ್ತು.

“ಆ ಕೈ ತೆಗೀರಿ ಅಪ್ಪಾ,” ಎಂದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

ತೆಗೆದರು. ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿಕೊಂಡರು.

“ವಾಸಿಯಾಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ ಜಲಜಾ? ಏನೂ ಇಲ್ದಿದ್ದಕ್ಕೆ ನಿನ್ನ ಓದು ಕೆಡಿಸ್ದೆ ಅಂತಾನಾ? ನೋವಿದ್ರೆ ನೆಪಕ್ಕಾದ್ರೂ ಒಂದು ಕಾರಣ ಇರುತ್ತೆ ಅಂದ್ಕೊಂಡೆ. ಒಂದೊಂದ್ಸಲ ಅನ್ಸುತ್ತೆ ಮಗು, ಅದು ಹಾರ್ಟೇ ಆಗಿದ್ದು, ನಾನು ಅವತ್ತೇ ಹೋಗ್ಬಿಟ್ಟಿದ್ರೆ...”

“ಥೂ, ಬಿಡ್ತು ಅನ್ನಿ!” ಎಂದು ಕೂಗಿಬಿಟ್ಟೆ. “ಮೊದ್ಲು ಬಿಡ್ತು ಅನ್ನಿ!”

“ಬಿಡ್ತು,” ಎಂದರು ಅಪ್ಪ, ಏಟು ತಿಂದ ಹುಡುಗನ ಹಾಗೆ.

ಅವರನ್ನು ಏನೇನು ಬೈಯಬೇಕೆಂದು ಅಷ್ಟು ಹೊತ್ತಿನಿಂದ ಹಲ್ಲು ಕಚ್ಚಿ ಕೂಡಿಸಿಕೊಂಡಿದ್ದೆನೋ, ಅದರಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ. ಓದಂತೂ ಹೋಗಿತ್ತು. ಈಗ ಅಪ್ಪನನ್ನು ಬೈಯುವ ಸುಖವೂ ಹೋಯಿತು.