ಇರುವೆಗಿಡದ ಚೀಟಿ

ಹನ್ನೊಂದು ವರ್ಷ ನಾನು ಸಾಕಿದ ಗಿಡದ ಮುಂದೆ, ಪ್ರದರ್ಶನದ ಮೇಜಿನ ಮೇಲೆ, ಚೀಟಿಯ ‘ಬೆಳೆಸಿದವರು’ ಎಂಬಲ್ಲಿ ಭಾವನವರ ಹೆಸರಿತ್ತು. ನೋಡಿ ಮೈಯೆಲ್ಲ ಉರಿದುಹೋಯಿತು.

ನರ್ಸರಿ ಅಕ್ಕನ ಗಂಡನದೇ, ಇಲ್ಲವೆಂದವರಾರು? ಆದರೆ ಉಗುರಿನಷ್ಟಿದ್ದ ಸಸಿಯನ್ನು ಮರದ ತುಂಡಿಗೆ ಕಟ್ಟಿ, ಕುಂಬಳಕಾಯಿಯಷ್ಟು ಗಡ್ಡೆ ಬರಿಸಿದವಳು ನಾನು. ಇದಕ್ಕೆ ಮಣ್ಣು ಬೇಡ, ಮರದ ಮೇಲೇ ಬದುಕುತ್ತದೆ. ಗಡ್ಡೆಯೊಳಗಿನ ಓಣಿಗಳಲ್ಲಿ ಇರುವೆಗಳ ಸಂಸಾರ; ಅವುಗಳ ಕಸವೇ ಗಿಡಕ್ಕೆ ಗೊಬ್ಬರ. ಭಾವನವರಿಗೆ ಮಾತ್ರ ಇರುವೆಗಿಡವೆಂಬುದು ಬರೀ ಹೆಸರು. ‘ಹಾವುಮೆಕ್ಕೆಯಲ್ಲಿ ಹಾವಿರುತ್ತೇನೇ?’ ಎಂದು ನಗುತ್ತಿದ್ದರು.

“ಚೀಟೀಲಿ ನನ್ನ ಹೆಸರು ಹಾಕ್ಸಿ ಭಾವ.”

“ನಿನ್ನ ಹೆಸರು ಯಾರಿಗೆ ಗೊತ್ತು? ಸುಮ್ನಿರು. ತೀರ್ಪುಗಾರರು ಏನಾದ್ರೂ ಕೇಳಿದ್ರೆ ಏನನ್ಲಿ, ಅದನ್ನ ಹೇಳು.”

ಹಲ್ಲು ಕಚ್ಚಿಕೊಂಡೇ ನಕ್ಕೆ. “ವಾರವಾರ ಔಷಧಿ ಹೊಡೀತೀನಿ, ಒಂದು ಇರುವೇನೂ ಬಿಟ್ಟಿಲ್ಲ ಅನ್ನಿ. ಗಿಡಾನ ಎದೆಗೊತ್ತಿ ಹಿಡ್ಕೊಳ್ಳಿ, ಫೋಟೋ ಚೆನ್ನಾಗಿ ಬರುತ್ತೆ.”

ಪಾಪ, ಗಿಡವನ್ನು ಎದೆಗೊತ್ತಿಕೊಂಡು ಒಂದಕ್ಷರ ಬಿಡದೆ ಒಪ್ಪಿಸಿದರು. ತೀರ್ಪು ಕೊಡಲು ಬಂದಿದ್ದ ಮುದುಕಿ ಕನ್ನಡಕ ತೆಗೆದು ಅವರನ್ನೇ ನೋಡಿದಳು.

“ಇರುವೆ ಕೊಂದು ಇರುವೆಗಿಡ ಬೆಳೆಸಿದ್ರಾ?” ಎನ್ನುತ್ತ ಪೆನ್ನಿನಿಂದ ಗಡ್ಡೆಗೆ ಟಕಟಕ ಎಂದು ಎರಡು ಸಲ ಬಡಿದಳು.

ಬಂದವು ನೋಡಿ. ತೋಳಿನೊಳಗೆ, ಕೊರಳಪಟ್ಟಿಯೊಳಗೆ, ಮೀಸೆಗೂ ಹತ್ತಿದವು. ಭಾವನವರು ಕುಣಿದರು. ಫೋಟೋದವನು ಒಂದು ಕುಣಿತವನ್ನೂ ಬಿಡದೆ ಕ್ಯಾಮೆರಾದಲ್ಲಿ ಹಿಡಿದ. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅವರ ಕೈ ಸಡಿಲವಾಯಿತು. ಇದನ್ನು ಮಾತ್ರ ನಾನು ಎಣಿಸಿರಲಿಲ್ಲ. ಓಡಿಹೋಗಿ ಬರಿಗೈಯಲ್ಲಿ ಗಡ್ಡೆಯನ್ನು ಹಿಡಿದೆ. ಅನ್ನ ಹಾಕಿದವಳೆಂಬ ದಾಕ್ಷಿಣ್ಯ ಇರುವೆಗಳಿಗೆಲ್ಲಿದೆ? ಮೊಣಕೈವರೆಗೂ ಕಚ್ಚಿದವು. ಕೈ ಬಿಡಲಿಲ್ಲ. ಮೆಲ್ಲಗೆ ಮೇಜಿನ ಮೇಲಿಟ್ಟೆ.

ಮುದುಕಿ ನನ್ನ ಕೈ ನೋಡಿದಳು. “ಬೆಳೆಸಿದ್ದು ನೀನೇನಮ್ಮ?”

“ನಾನೇ.”

ಚೀಟಿಯ ಹೆಸರು ಹೊಡೆದುಹಾಕಿ ನನ್ನದನ್ನು ಕೇಳಿ ಬರೆದಳು. ಸುಳ್ಳು ಹೆಸರಲ್ಲಿ ಬಂದ ಗಿಡಕ್ಕೆ ಬಹುಮಾನವಿಲ್ಲ ಎಂದೂ ಹೇಳಿದಳು. ಬೇಡ, ಬಿಡಿ, ಚೀಟಿ ಸಾಕು ಎಂದೆ.

ಮನೆಯಲ್ಲಿ ಅಕ್ಕ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಒಂದೇ ಡಬ್ಬಿಯ ಮುಲಾಮು ಹಚ್ಚಿದಳು. ಊದಿದ ತುಟಿಯಲ್ಲಿ ಭಾವನವರು ಕೇಳಿದರು: “ಇರುವೆ ಇರೋದು ನಿನಗೆ ಗೊತ್ತಿತ್ತು ಅಲ್ವಾ?”

“ಬೆಳೆಸಿದವರಿಗೆ ಗೊತ್ತಿರುತ್ತೆ ಭಾವ” ಎಂದೆ.