ಕೊನೆಯ ನಂಬರಿನ ಹಾಡು

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಯೋಗಾನಂದ ಯಾರು ಅಂತ ಕೇಳಿ ನೋಡಿ, ಕಸ ಗುಡಿಸುವವರೂ ನನ್ನ ಕಡೆ ಕೈ ತೋರಿಸುತ್ತಾರೆ. ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ಪರವಾಗಿ ರೇಷ್ಮೆಗೂಡು ಕೊಳ್ಳುವುದು ನನ್ನ ಕೆಲಸ. ರಾಶಿಯಿಂದ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಇಡೀ ರಾಶಿಯ ಜಾತಕ ಹೇಳಿಬಿಡುತ್ತೇನೆ. ಆ ಜಂಬವೇ ನನ್ನನ್ನು ಹಾಳು ಮಾಡಿದ್ದು.

ಚನ್ನಪಟ್ಟಣದಲ್ಲಿ ಒಟ್ಟಿಗೆ ಪಿಯುಸಿ ಓದಿದ ಆರು ಜನ ವಾಟ್ಸಾಪಿನಲ್ಲಿ ‘ಹಾಡಿನ ಹರಾಜು’ ಅಂತ ಒಂದು ಗ್ರೂಪು ಮಾಡಿಕೊಂಡಿದ್ದೇವೆ. ವಾರಕ್ಕೊಬ್ಬರು ಜಡ್ಜು. ಉಳಿದ ಐವರೂ ಒಂದೊಂದು ಹಾಡು ಆರಿಸಬೇಕು. ನಮ್ಮಲ್ಲೇ ಒಬ್ಬನಾದ ಖಾಸಿಂ ಎಲ್ಲವನ್ನೂ ಸೇರಿಸಿ, ಹೆಸರು ತೆಗೆದು, ಬರೀ ನಂಬರ್ ಹಾಕಿ ಜಡ್ಜಿಗೆ ಕಳಿಸುತ್ತಾನೆ. ಯಾರದು ಅಂತ ತಿಳಿಯದೆ ತೀರ್ಪು ಕೊಡಬೇಕು, ಅದೇ ಆಟದ ಮಜಾ. ಈ ವಾರ ಜಡ್ಜು ನಾನು. ವಿಷಯ: ‘ನಾವ್ಯಾರೂ ಕೇಳದ ಹಾಡು’.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ತೀರ್ಪಿನ ಗಡುವು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹರಾಜಿನ ಗಲಾಟೆಯ ನಡುವೆಯೇ ಫೋನನ್ನು ಕಿವಿಗೆ ಒತ್ತಿಕೊಂಡೆ. ಐದು ಹಾಡು, ಒಂದೊಂದೂ ಹತ್ತು ಸೆಕೆಂಡು. ಹಿಡಿ ಗೂಡು ನೋಡಿದ ಹಾಗೆ. ಅಷ್ಟು ಸಾಲದೇ! ನಾಲ್ಕನೆಯದರಲ್ಲಿ ಬರೀ ಗಿರ್ರೆನ್ನುವ ಮೆಷಿನ್ ಸದ್ದು, ಅದರ ಹಿಂದೆ ಯಾವುದೋ ಹೆಂಗಸಿನ ದನಿ. ನನಗೆ ಸಿಟ್ಟೇ ಬಂತು. ತೀರ್ಪನ್ನು ಮಾತಿನಲ್ಲೇ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದೆ.

“ನಾಕನೇ ನಂಬರು ಕೊನೇ ಸ್ಥಾನ. ಇದು ಹಾಡಲ್ಲ ಕಣ್ರಪ್ಪ, ಯಾವ್ಳೋ ಹಿಟ್ಟಿನ ಮಿಲ್ ಒಳಗೆ ಕೂತ್ಕಂಡು ಅಳ್ತಾವ್ಳೆ. ಕಳಿಸ್ದೋರು ಮೊದ್ಲು ಕಿವಿ ತೊಳಿಸ್ಕಳಿ!”

ಲೋಕೇಶನಂತೂ ಹೊಟ್ಟೆ ಹಿಡಿದುಕೊಂಡು ನಗುವ ಚಿತ್ರಗಳನ್ನು ಸಾಲಾಗಿ ಹಾಕಿದ. ನಾನು ಮೀಸೆ ತಿರುವಿಕೊಂಡು ಟೀ ಕುಡಿಯುತ್ತಿದ್ದೆ. ಅಷ್ಟರಲ್ಲಿ ಖಾಸಿಂ ಫೋನ್ ಮಾಡಿದ.

“ಲೇ ಯೋಗಾ, ಏನ್ಲಾ ಮಾಡ್ಬುಟ್ಟೆ?”

“ಯಾಕ್ಲಾ, ನಿಂದಾ ಅದು?”

“ನಂದಲ್ಲ ಕಣ್ಲಾ. ಕಳಿಸಿದ್ದು ಮೆಹ್ರೀನ್. ಹಾಡಿರೋದು ನಿನ್ನೆಂಡ್ತಿ! ದನಿ ಗುರುತು ಸಿಕ್ತದೆ, ಫಸ್ಟ್ ಕೊಡ್ತೀಯ, ಆಮೇಲೆ ಹೇಳಾನ ಅಂತಿದ್ವಿ. ಸ್ವಂತ ಹೆಂಡ್ತಿ ದನಿ ಗೊತ್ತಾಗ್ಲಿಲ್ವೇನ್ಲಾ?”

ನನ್ನ ಹೆಂಡತಿ ಸುಮನಾ ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮೇಲೆ ತಿರುಗುವ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುತ್ತಾಳೆ. ನಮ್ಮ ಗ್ರೂಪಿನ ಮೆಹ್ರೀನ್ ಅಲ್ಲೇ ಮೇಲ್ವಿಚಾರಕಿ. ಸುಮನಾ ಬೆಳಿಗ್ಗೆಯಿಂದ ಮೂರು ಸಲ ರಿಸಲ್ಟ್ ಯಾವಾಗ ಅಂತ ಕೇಳಿದ್ದಳಂತೆ. ಒಂದು ಗಂಟೆಗೆ, ಊಟದ ಹೊತ್ತಿಗೆ, ಎಲ್ಲರ ಮುಂದೆ ಕೇಳಿಸುತ್ತೇನೆ ಅಂತ ಮೆಹ್ರೀನ್ ಮಾತು ಕೊಟ್ಟಿದ್ದಳಂತೆ. ಕೆಲಸದ ಹೊತ್ತಿನಲ್ಲಿ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿರುತ್ತವೆ, ಮಾಡಿದರೂ ಎತ್ತುವವರಿಲ್ಲ.

ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಿದೆ. ಆದರೆ ಆ ಪುಣ್ಯಾತ್ಮ ಲೋಕೇಶ ಅಷ್ಟರೊಳಗೆ ಅದನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿಯಾಗಿತ್ತು, ಮೆಹ್ರೀನ್‌ಗೂ! ಗಂಟೆ ಹನ್ನೆರಡೂವರೆ. ಹರಾಜನ್ನು ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದೆ. ಒಂದು ಗಂಟೆ ಹೊಡೆದು ಮೆಹ್ರೀನ್ ಫೋನ್ ಎತ್ತಿಕೊಳ್ಳುವ ಮೊದಲು ಆ ಬುಟ್ಟಿಯ ಹತ್ತಿರ ನಾನಿರಬೇಕು, ಅಷ್ಟೇ.

ಅವಸರಕ್ಕೆ ಹುಟ್ಟಿದ ದಾರಿಯಲ್ಲ ಅದು. ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆ ತನ್ನ ಅಪ್ಪನದು ಅನ್ನುವಂತೆ ಹೋಗುತ್ತಿತ್ತು. ಹಾರ್ನ್ ಒತ್ತೀ ಒತ್ತೀ ಹೆಬ್ಬೆರಳು ನೋಯಿತು. ಅದನ್ನು ದಾಟಿದರೆ ಮುಂದೆ ಮೋರಿ ರಿಪೇರಿ. ಒಂದು ಕಡೆಯ ವಾಹನ ಬಿಟ್ಟು ಇನ್ನೊಂದು ಕಡೆಯದನ್ನು ನಿಲ್ಲಿಸಿದ್ದರು. ಹನ್ನೆರಡೂ ಐವತ್ತು. ಬೈಕ್ ಆಫ್ ಮಾಡಿದೆ, ಆನ್ ಮಾಡಿದೆ, ಬಾವುಟ ಹಿಡಿದವನನ್ನು ಬೈದೆ. ಬೇರೇನೂ ತೋಚದೆ ಫೋನ್ ತೆಗೆದು ನಾಲ್ಕನೇ ನಂಬರನ್ನು ಮೊದಲಿಂದ ಹಾಕಿದೆ.

ಮೆಷಿನ್ ಸದ್ದು ಹತ್ತು ಸೆಕೆಂಡು ಮಾತ್ರ. ಆಮೇಲೆ ಯಾರೋ ಲೇತ್ ನಿಲ್ಲಿಸುತ್ತಾರೆ. ಆಮೇಲೆ ಬರೀ ಸುಮನಾಳ ದನಿ.

ಅಯ್ಯೋ ಶಿವನೇ, ಆ ಹಾಡು ನಾನು ಕೇಳಿದ್ದೆ! ವಿರೂಪಾಕ್ಷಿಪುರಕ್ಕೆ ಹೆಣ್ಣು ನೋಡಲು ಹೋದಾಗ ಅವಳಪ್ಪ ಬೋರಲಿಂಗಯ್ಯನವರು “ಒಂದ್ ಪದ ಹೇಳವ್ವ” ಅಂದಿದ್ದರು. ಅವಳು ತಲೆ ತಗ್ಗಿಸಿ ಇದೇ ಮಲ್ಲಿಗೆ ಮೊಗ್ಗಿನ ಪದ ಹೇಳಿದ್ದಳು. ನಾನು “ಚೆಂದಾಗೈತೆ” ಅಂದಿದ್ದೆ, ಮದುವೆ ಗೊತ್ತಾಗಿತ್ತು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅಡುಗೆಮನೆಯಿಂದ ಹಾಡು ಕೇಳಿಸಿದಾಗ “ಟಿವಿ ಕೇಳಿಸ್ತಿಲ್ಲ, ಒಸಿ ಸುಮ್ಕಿರು” ಎಂದೆ. ಅಂದಿನಿಂದ ಅವಳು ಮನೆಯಲ್ಲಿ ಹಾಡಲೇ ಇಲ್ಲ. ಒಂಬತ್ತು ವರ್ಷವಾಯಿತು. ರಸ್ತೆಯ ಮಧ್ಯೆ ನಿಂತು ನನಗೆ ನಾಚಿಕೆಯಾಯಿತು, ಹಿಂದಿನವರು ಹಾರ್ನ್ ಹೊಡೆಯುವವರೆಗೂ ದಾರಿ ಬಿಟ್ಟಿದ್ದು ಗೊತ್ತಾಗಲಿಲ್ಲ.

ಕಾರ್ಖಾನೆ ತಲುಪಿದಾಗ ಒಂದೂ ಇಪ್ಪತ್ತು. ಬಾಗಿಲ ಬಳಿಯ ಬುಟ್ಟಿ ಖಾಲಿಯಾಗಿತ್ತು.

ಹೆಂಗಸರು ಗೋಡೆಗೆ ಒರಗಿ ಊಟದ ಡಬ್ಬಿ ಮುಚ್ಚುತ್ತಿದ್ದರು. ಮೆಹ್ರೀನ್ ನನ್ನನ್ನು ನೋಡಿ ಮುಖ ತಿರುಗಿಸಿದಳು. ಸುಮನಾ ಮಾತ್ರ ಎದ್ದು ಬಂದಳು.

“ಊಟ ಆಯ್ತಾ?” ಅಂದಳು.

“ಸುಮಿ, ನೀನು ಅಂತ ಗೊತ್ತಿದ್ರೆ ನಾನು ಹಂಗಂತಿದ್ನಾ?”

“ಅದೇ ಮತ್ತೆ. ನಾನು ಅಂತ ಗೊತ್ತಿರ್ಲಿಲ್ಲ, ಅದ್ಕೇ ದಿಟ ಹೇಳುದ್ರಿ. ಅವತ್ತು ನಮ್ಮಪ್ಪ ಎದುರ್ಗಿದ್ರು, ಚೆಂದಾಗೈತೆ ಅಂದ್ರಿ.”

“ಇಲ್ಲ ಕಣೇ, ಅವತ್ತಿಂದೇ ದಿಟ. ಇವತ್ತು ನಾನು ಪೂರ್ತಿ ಕೇಳ್ಲೇ ಇಲ್ಲ. ಈಗ ದಾರೀಲಿ ಕೇಳ್ದೆ. ನಿನ್ನಾಣೆ, ಅದೇ ಫಸ್ಟು.”

“ಈಗ ನಾನು ಅಂತ ಗೊತ್ತಲ್ಲ,” ಅಂದಳು. ಸಿಟ್ಟಿಲ್ಲ, ಅಳುವಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ದಿನಾ ಊಟ ಆದ್ಮೇಲೆ ಮೊದ್ಲು ಇವ್ಳ ಹಾಡು, ಆಮೇಲೇ ನಮ್ಮ ಕೆಲ್ಸ,” ಅಂದಳು ಮೆಹ್ರೀನ್, ನನ್ನ ಕಡೆ ನೋಡದೆ. “ಆರು ವರ್ಷದಿಂದ ಒಂದು ದಿನಾನೂ ತಪ್ಪಿಲ್ಲ.”

ಹೆಂಗಸರೆಲ್ಲ ತಮ್ಮ ತಮ್ಮ ಲೇತಿನ ಮುಂದೆ ಹೋಗಿ ಕೂತರು. ಯಾರೂ ಸ್ವಿಚ್ ಹಾಕಲಿಲ್ಲ. ಎಲ್ಲರೂ ಸುಮನಾಳ ಕಡೆ ನೋಡುತ್ತಿದ್ದರು. ನಾನೂ ಬಾಗಿಲಲ್ಲೇ ನಿಂತೆ. ಹಾಡೇ, ಒಂದೇ ಒಂದು ಸಾಲು ಹಾಡೇ ಅಂತ ಮನಸ್ಸು ಬೇಡುತ್ತಿತ್ತು.

ಅವಳು ಹಸಿರು ಅರಗಿನ ಕಡ್ಡಿ ಕೈಗೆತ್ತಿಕೊಂಡು, ತನ್ನ ಲೇತಿನ ಸ್ವಿಚ್ ಹಾಕಿದಳು.